ಹೆಬ್ಬೆಟ್ಟಿನ ಒಪ್ಪಿಗೆ

ನಮ್ಮ ಕಡೆ ದವಾಖಾನೆಯಲ್ಲಿ ಒಪ್ಪಿಗೆ ಅಂದ್ರೆ ಹೆಬ್ಬೆಟ್ಟು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಹರಡಿಕೊಂಡಿರೋ ನನ್ನ ಬಳಗದಲ್ಲಿ, ಅರವತ್ತು ದಾಟಿದ ಹೆಣ್ಣುಮಕ್ಕಳ ಪೈಕಿ ಸಹಿ ಹಾಕುವವರು ಕಡಿಮೆ. ಕಾಗದ ಇಂಗ್ಲಿಷಿನಲ್ಲಿರುತ್ತೆ. ಸೋಲಾಪುರದ ಕಡೆ ಹೋದರೆ ಮರಾಠಿಯಲ್ಲೂ ಇರಬಹುದು. ನೀಲಿ ಶಾಯಿಯ ಪ್ಯಾಡು ಮುಂದೆ ಬರುತ್ತೆ, ಒತ್ತು ಅಂತಾರೆ, ಒತ್ತುತ್ತಾರೆ. ಸೆರಗಿಗೆ ಬೆರಳು ಒರೆಸಿಕೊಳ್ತಾ ಪಕ್ಕದಲ್ಲಿರೋ ಮಗನನ್ನು ‘ಏನ್ ಬರದಾರೋ ಅದ್ರಾಗ?’ ಅಂತ ಕೇಳ್ತಾರೆ. ಮಗ ‘ಏನಿಲ್ಲ ಬಿಡವ್ವ, ಎಲ್ಲಾರೂ ಒತ್ತತಾರ’ ಅಂತಾನೆ. ಅಲ್ಲಿಗೆ ಮುಗೀತು.

ಜೇವರ್ಗಿ ತಾಲ್ಲೂಕಿನ ಹಳ್ಳಿಯಲ್ಲಿರೋ ನನ್ನ ಚಿಗವ್ವ ಹೀಗೆ ಒತ್ತಿದ ಮೇಲೆ ತಗೊಂಡ ಗುಳಿಗೆ ಅವಳ ಹೆಬ್ಬೆಟ್ಟನ್ನೇ ಅಳಿಸಿತು. ಇದು ಅಲಂಕಾರದ ಮಾತಲ್ಲ. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಶನ್ ಆಗಿ, ಕೀಮೋ ಶುರುವಾಗಿ, ಎರಡನೇ ಸುತ್ತು ಮುಗಿಯೋ ಹೊತ್ತಿಗೆ ಅಂಗೈ ಕೆಂಪಾಗಿ, ಉರಿದು, ಚರ್ಮ ಸುಲಿದು, ಬೆರಳ ತುದಿ ನುಣ್ಣಗಾಯಿತು. ರೇಷನ್ ಅಂಗಡಿಯ ಮಶೀನು ಅವಳನ್ನು ಗುರುತಿಸಲಿಲ್ಲ. ಮೂರು ಸಲ ಒತ್ತಿದಳು, ಮೂರು ಸಲವೂ ಕೆಂಪು ದೀಪ. ಫೋನಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು: ‘ಹಣಿಬರಹ ಅಳಸಲಿಕ್ಕಾಗಲ್ಲ ಅಂತಿದ್ರು, ಕೈಬರಹ ಅಂತೂ ಅಳಿಸ್ಯಾರ ನೋಡು.’

ನಾನು ಬೆಂಗಳೂರಿನಲ್ಲಿ ಮಾಡೋ ಕೆಲಸದ ಹೆಸರು ಫಾರ್ಮಕೋವಿಜಿಲೆನ್ಸ್. ಊರಿನಲ್ಲಿ ಇದನ್ನು ವಿವರಿಸೋದು ಬಿಟ್ಟು ಬಹಳ ವರ್ಷ ಆಯ್ತು, ‘ಔಷಧ ಕಂಪನಿ ಕೆಲಸ’ ಅಂತಾರೆ, ಹೂಂ ಅಂತೀನಿ. ನಿಮ್ಮಲ್ಲೂ ಕೆಲವರು ಇದೇ ಕೆಲಸದಲ್ಲಿರಬಹುದು, ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಲ್ಲಿ ನಮ್ಮಂಥವರು ಸಾಕಷ್ಟು ಜನ ಇದ್ದೀವಿ. ಅಮೆರಿಕದಲ್ಲೋ ಜಪಾನಿನಲ್ಲೋ ಒಬ್ಬರಿಗೆ ಔಷಧದಿಂದ ತೊಂದರೆಯಾದರೆ ಅದರ ವರದಿ ನಮ್ಮ ಸ್ಕ್ರೀನಿಗೆ ಬರುತ್ತೆ. ಅದನ್ನು ಓದಿ, ಮೆಡ್‌ಡ್ರಾ ಅನ್ನೋ ಪದಕೋಶದ ಎಂಬತ್ತು ಸಾವಿರ ಚಿಲ್ಲರೆ ಪದಗಳಲ್ಲಿ ಸರಿಹೊಂದುವ ಪದ ಹುಡುಕಿ ದಾಖಲಿಸಬೇಕು. ಚಿಗವ್ವನಿಗೆ ಆದದ್ದಕ್ಕೂ ಅಲ್ಲೊಂದು ಪದ ಇದೆ: ಪಾಮರ್-ಪ್ಲಾಂಟರ್ ಎರಿತ್ರೋಡಿಸೆಸ್ತೇಸಿಯಾ ಸಿಂಡ್ರೋಮ್. ಡಾಕ್ಟರುಗಳ ಬಾಯಲ್ಲಿ ಹ್ಯಾಂಡ್-ಫುಟ್ ಸಿಂಡ್ರೋಮ್. ಈ ಪದವನ್ನು ನಾನು ಎಷ್ಟು ಸಲ ಟೈಪ್ ಮಾಡಿದ್ದೀನೋ ಲೆಕ್ಕವಿಲ್ಲ. ಆದರೆ ಹೀಗೆ ದಾಖಲಾಗೋ ಜನರಲ್ಲಿ ಯಾರೂ ಜೋಳದ ರೊಟ್ಟಿ ಬಡಿಯೋರಲ್ಲ.

ನಾನು ಹೇಳಬೇಕಂತಿರೋದೂ ಇದೇ. ಚಿಗವ್ವನ ಡಾಕ್ಟರು ಒಳ್ಳೆಯವರು, ಏನೂ ಮುಚ್ಚಿಡಲಿಲ್ಲ. ಕಾಗದದಲ್ಲಿ ಹ್ಯಾಂಡ್-ಫುಟ್ ಸಿಂಡ್ರೋಮ್ ಅಂತ ಅಚ್ಚಾಗಿತ್ತು. ‘ಕೈಕಾಲು ಸ್ವಲ್ಪ ಉರೀಬಹುದು’ ಅಂತ ಬಾಯಲ್ಲೂ ಹೇಳಿದ್ದರು. ಆದರೆ ‘ನೀವು ಒಂದೆರಡು ತಿಂಗಳು ರೊಟ್ಟಿ ಬಡಿಯೋಕಾಗದೆ ಇರಬಹುದು, ಬಿಸಿ ಹಂಚಿನ ಹತ್ತಿರ ಕೈ ಒಯ್ಯಬೇಡಿ, ತೊಗರಿ ಕೊಯ್ಯೋಕೆ ಹೋಗಬೇಡಿ, ರೇಷನ್ ಮಶೀನು ನಿಮ್ಮ ಬೆರಳು ತಗೊಳ್ಳದೆ ಇರಬಹುದು’ ಅಂತ ಯಾರೂ ಹೇಳಲಿಲ್ಲ. ಎರಡೂ ಒಂದೇ ಮಾಹಿತಿ. ಒಂದು ಅವಳ ಕಿವಿಗೆ ಬಿತ್ತು, ಇನ್ನೊಂದು ಅವಳ ಬದುಕಿಗೆ ತಾಗಬೇಕಾಗಿತ್ತು.

ಆ ಗುಳಿಗೆಯ ಹೆಸರು ಕ್ಯಾಪೆಸಿಟಬಿನ್. ತೀರಾ ಹೊಸದೇನಲ್ಲ, ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಆದರೆ ‘ಕೀಮೋ ಅಂದ್ರೆ ಸಲೈನು, ವಾಂತಿ, ಬೋಳುತಲೆ’ ಅಂತ ತಿಳಿದಿರೋ ನಮ್ಮ ಕಡೆಯ ಜನಕ್ಕೆ ಗುಳಿಗೆ ರೂಪದ ಕೀಮೋ ಈಗಲೂ ಹೊಸದೇ. ಹದಿನಾಲ್ಕು ದಿನ ಊಟವಾದ ಅರ್ಧ ಗಂಟೆಯೊಳಗೆ ಬೆಳಗ್ಗೆ-ಸಂಜೆ ನುಂಗಬೇಕು, ಏಳು ದಿನ ಬಿಡುವು. ದವಾಖಾನೆಯಲ್ಲಿ ದಿನಗಟ್ಟಲೆ ಪಂಪಿನಲ್ಲಿ ಕೊಡೋ ಔಷಧವೇ ಈ ಗುಳಿಗೆ ನುಂಗಿದ ಮೇಲೆ ದೇಹದೊಳಗೆ ತಯಾರಾಗುತ್ತೆ. ಭೀಮಾ ನದಿ ದಾಟಿ, ಕಟ್ಟಿಸಂಗಾವಿ ಸೇತುವೆ ಮೇಲೆ ಹಾದು ಕಲಬುರಗಿಗೆ ಮೇಲಿಂದ ಮೇಲೆ ಓಡಾಡೋದು ಕಡಿಮೆಯಾಗುತ್ತಲ್ಲ, ಅದು ಸಣ್ಣ ಲಾಭ ಅಲ್ಲ. ಕೂಲಿ ತಪ್ಪಲ್ಲ, ಜೊತೆಗೆ ಬರೋ ಮಗನ ಕೂಲಿಯೂ ತಪ್ಪಲ್ಲ.

ಬೆಲೆ ತೆರಬೇಕಾಗೋದು ಬೇರೆ ಕಡೆ. ವಾರ್ಡಿನಲ್ಲಿ ನರ್ಸ್ ನೋಡುತ್ತಿದ್ದದ್ದನ್ನು ಮನೆಯಲ್ಲಿ ನೋಡೋರು ಯಾರು? ಕೈ ಸುಲಿದದ್ದನ್ನು ಚಿಗವ್ವ ಹತ್ತು ದಿನ ಯಾರಿಗೂ ಹೇಳಲಿಲ್ಲ. ಹೇಳಿದರೆ ‘ಗುಳಿಗಿ ಬಂದ್ ಮಾಡ್ತಾರ, ಮತ್ತ ಬ್ಯಾನಿ ತಿರುಗಿ ಬರ್ತದ’ ಅನ್ನೋ ಭಯ. ಈ ಭಯವನ್ನು ನಾನು ಜಗತ್ತಿನ ಎಲ್ಲಾ ಮೂಲೆಯ ವರದಿಗಳಲ್ಲೂ ಓದಿದ್ದೀನಿ. ಆದರೆ ಕ್ಯಾಪೆಸಿಟಬಿನ್ ವಿಷಯದಲ್ಲಿ ಲೆಕ್ಕ ಉಲ್ಟಾ: ಅಂಗೈ ನೋಯೋಕೆ ಶುರುವಾಗಿ ಕೆಲಸಕ್ಕೆ ಅಡ್ಡಿಯಾದಾಗ ಡಾಕ್ಟರಿಗೆ ಹೇಳಿ, ಕೆಲವು ದಿನ ನಿಲ್ಲಿಸಿ, ಬೇಕಾದರೆ ಡೋಸ್ ಇಳಿಸಿ ಮುಂದುವರಿಸೋದೇ ಸರಿಯಾದ ದಾರಿ. ಮುಚ್ಚಿಟ್ಟುಕೊಂಡು ನುಂಗಿದವರೇ ಕೊನೆಗೆ ಚಿಕಿತ್ಸೆ ಪೂರ್ತಿ ಬಿಡಬೇಕಾಗೋದು. ಚಿಗವ್ವನಿಗೂ ಹಾಗೇ ಒಂದು ವಾರ ನಿಲ್ಲಿಸಿ, ಡೋಸ್ ಇಳಿಸಿದರು.

ಬೆರಳ ಗೆರೆ ಅಳಿಯೋ ವಿಷಯ ವೈದ್ಯ ಲೋಕಕ್ಕೆ ಗೊತ್ತಿಲ್ಲದ್ದೇನಲ್ಲ. 2008ರ ಡಿಸೆಂಬರಿನಲ್ಲಿ ಸಿಂಗಪುರದ 62 ವರ್ಷದ ರೋಗಿಯೊಬ್ಬರು ಸಂಬಂಧಿಕರನ್ನು ನೋಡೋಕೆ ಅಮೆರಿಕಕ್ಕೆ ಹೋದಾಗ ವಿಮಾನ ನಿಲ್ದಾಣದಲ್ಲಿ ಅವರ ಬೆರಳಚ್ಚೇ ಸಿಗದೆ ನಾಲ್ಕು ಗಂಟೆ ಕೂರಿಸಿದ್ದರು. ಕಾರಣ ಇದೇ ಕ್ಯಾಪೆಸಿಟಬಿನ್. ಅವರ ಡಾಕ್ಟರು ಮರುವರ್ಷ ಆನಲ್ಸ್ ಆಫ್ ಆಂಕಾಲಜಿ ಪತ್ರಿಕೆಗೆ ಅದನ್ನು ಬರೆದರು, ಜಗತ್ತಿನಾದ್ಯಂತ ಸುದ್ದಿಯಾಯಿತು, ಇಂಥ ರೋಗಿಗಳು ಪ್ರಯಾಣಕ್ಕೆ ಡಾಕ್ಟರ ಪತ್ರ ಒಯ್ಯಬೇಕು ಅನ್ನೋ ಸಲಹೆಯೂ ಬಂತು. ಬೆರಳೊತ್ತಿ ಅಕ್ಕಿ ತರೋ, ಬೆರಳೊತ್ತಿ ಪಿಂಚಣಿ ತಗೊಳ್ಳೋ ನಮ್ಮ ದೇಶದಲ್ಲಿ ಆ ಪತ್ರ ಇನ್ನೂ ಮುಖ್ಯ ಆಗಬೇಕಿತ್ತಲ್ವಾ? ವಿಮಾನ ನಿಲ್ದಾಣಕ್ಕೆ ವರ್ಷಕ್ಕೊಮ್ಮೆ ಹೋಗ್ತಾರೆ, ರೇಷನ್ ಅಂಗಡಿಗೆ ಪ್ರತಿ ತಿಂಗಳು. ನಾವು ಮಾಡಿದ್ದು ಸರಳ: ಕಾರ್ಡಿನಲ್ಲಿ ಹೆಸರಿರೋ ಸೊಸೆ ಹೋಗಿ ಬೆರಳು ಒತ್ತಿದಳು. ಬ್ಯಾಂಕಿಗೆ ಡಾಕ್ಟರಿಂದ ಒಂದು ಪತ್ರ ಬರೆಸಿಕೊಂಡೆವು. ಔಷಧ ನಿಲ್ಲಿಸಿದ ಮೇಲೆ ಗೆರೆ ಮರಳಿ ಬರೋದೇ ಹೆಚ್ಚು ಅಂತ ಹೇಳಿದಾಗ ಚಿಗವ್ವ ನಂಬಲಿಲ್ಲ, ದಿನಾ ಬೆಳಕಿಗೆ ಬೆರಳು ಹಿಡಿದು ನೋಡ್ತಿದ್ದಳು.

ಇಲ್ಲೊಂದು ಮಾತು, ಬೆನ್ನುನೋವಿನ ಜೆಲ್ ಡ್ರಾಯರಿನಲ್ಲಿ ಇಟ್ಟುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿರೋ ನಮ್ಮಂಥವರಿಗೆ ಮಜಾ ಅನ್ನಿಸೋದು. ದಿಲ್ಲಿಯ ಏಮ್ಸ್‌ನ ವೈದ್ಯರು ಅದೇ ಡೈಕ್ಲೋಫೆನಾಕ್ ಜೆಲ್ಲನ್ನು ಕ್ಯಾಪೆಸಿಟಬಿನ್ ತಗೊಳ್ಳೋ 264 ಜನರಲ್ಲಿ ಪರೀಕ್ಷೆ ಮಾಡಿದರು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಸಾದಾ ಜೆಲ್ ಹಚ್ಚಿಕೊಂಡವರಲ್ಲಿ ನೂರಕ್ಕೆ 15 ಜನಕ್ಕೆ ಕೈಕಾಲಿನ ತೊಂದರೆ ಕೆಲಸಕ್ಕೆ ಅಡ್ಡಿಯಾಗೋ ಮಟ್ಟಕ್ಕೆ ಹೋಯಿತು, ಡೈಕ್ಲೋಫೆನಾಕ್ ಹಚ್ಚಿದವರಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಮೆಡಿಕಲ್ ಶಾಪಿನಲ್ಲಿ ಅಗ್ಗಕ್ಕೆ ಸಿಗೋ ಟ್ಯೂಬು. ಚಿಗವ್ವನ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಹಚ್ಚಲಿ ಅಂದರು. ನೀವು ಯಾರಿಗಾದರೂ ಹೇಳೋದಾದರೂ ಅವರ ಡಾಕ್ಟರನ್ನು ಕೇಳಿಯೇ ಹೇಳಿ.

ಇನ್ನೊಂದು ಪ್ರಶ್ನೆಯಿಂದ ಚಿಗವ್ವನಿಗೆ ನಿಜವಾಗಿ ಲಾಭವಾಯಿತು. ‘ಎಷ್ಟು ತಿಂಗಳು?’ ಅನ್ನೋದು. ಗುಳಿಗೆಯ ಜೊತೆ ಅವಳಿಗೆ ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಅನ್ನೋ ಸಲೈನೂ ಇತ್ತು. ಅದು ನರಗಳನ್ನು ಹಿಡಿಯುತ್ತೆ: ಬೆರಳು ಜೋಮು, ತಣ್ಣೀರು ಮುಟ್ಟಿದರೆ ಕರೆಂಟು ಹೊಡೆದ ಹಾಗೆ, ಕೆಲವರಿಗೆ ಆ ಜೋಮು ವರ್ಷಗಟ್ಟಲೆ ಉಳಿಯುತ್ತೆ. ಮೊದಲೆಲ್ಲ ಆರು ತಿಂಗಳು ಕೊಡೋದೇ ಪದ್ಧತಿ. 2018ರಲ್ಲಿ ಆರು ಅಧ್ಯಯನಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಒಟ್ಟುಗೂಡಿಸಿ ನೋಡಿದಾಗ, ಮೂರನೇ ಹಂತದ ಕರುಳಿನ ಕ್ಯಾನ್ಸರಿನಲ್ಲೂ ಅಪಾಯ ಕಡಿಮೆ ಇರೋ ಗುಂಪಿಗೆ ಈ ಜೋಡಿ ಔಷಧ ಮೂರೇ ತಿಂಗಳು ಕೊಟ್ಟರೂ ಹೆಚ್ಚುಕಮ್ಮಿ ಅಷ್ಟೇ ಫಲ ಅಂತ ತಿಳಿಯಿತು. ನರದ ತೊಂದರೆ ಮಾತ್ರ ಬಹಳ ಕಡಿಮೆ. ಚಿಗವ್ವ ಆ ಗುಂಪಿನವಳೇ. ಡಾಕ್ಟರು ರಿಪೋರ್ಟು ಮತ್ತೊಮ್ಮೆ ತಿರುವಿ ನೋಡಿ ‘ಮೂರು ಸಾಕು’ ಅಂದರು. ಕೇಳದೇ ಇದ್ದಿದ್ದರೂ ಅವರೇ ಹೇಳ್ತಿದ್ದರೇನೋ. ಕೇಳಿದ್ದರಿಂದ ನಷ್ಟವಂತೂ ಆಗಲಿಲ್ಲ.

ಕ್ಯಾಪೆಸಿಟಬಿನ್ ಬಗ್ಗೆ ಕೇಳಬೇಕಾದದ್ದು ಮತ್ತೊಂದಿದೆ, ಅದು ಜೀವದ ಪ್ರಶ್ನೆ. ಈ ಔಷಧವನ್ನು ಕರಗಿಸಿ ಹೊರಹಾಕೋ ಡಿಪಿಡಿ ಅನ್ನೋ ಕಿಣ್ವ ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತೆ. ಅಂಥವರಿಗೆ ಮಾಮೂಲಿ ಡೋಸೇ ವಿಷ. ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ‘ಶುರು ಮಾಡೋ ಮೊದಲು ಪರೀಕ್ಷೆ ಮಾಡಿಸಿ’ ಅಂತ ಸಲಹೆ ಕೊಟ್ಟಿತು. ನಮ್ಮಲ್ಲಿ ಅದು ಇನ್ನೂ ರೂಢಿಯಾಗಿಲ್ಲ. ಅದಕ್ಕೇ ಮೊದಲ ಸುತ್ತಿನಲ್ಲೇ ವಿಪರೀತ ಭೇದಿ, ಬಾಯಿ ಹುಣ್ಣು, ಜ್ವರ ಬಂದರೆ ‘ಕೀಮೋ ಅಂದ್ರೆ ಹಿಂಗೇ’ ಅಂತ ಮನೆಯಲ್ಲಿ ಕೂರಬಾರದು.

ಕಾನೂನು ಇದರಲ್ಲಿ ಏನನ್ನುತ್ತೆ ಅಂತ ಹುಡುಕಿದೆ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಒಪ್ಪಿಗೆ ಪಡೆಯೋ ಮೊದಲು ಚಿಕಿತ್ಸೆ ಏನು ಮತ್ತು ಯಾಕೆ, ಬೇರೆ ದಾರಿ ಏನಿದೆ, ಮುಖ್ಯ ಅಪಾಯಗಳೇನು, ಬೇಡ ಅಂದರೆ ಏನಾಗುತ್ತೆ ಅನ್ನೋದನ್ನು ರೋಗಿಗೆ ತಿಳಿಸಬೇಕು. ಹೊಸ ಔಷಧದ ಪ್ರಯೋಗಕ್ಕೆ ಸೇರಿಸಿಕೊಳ್ಳೋದಾದರೆ ನಿಯಮ ಇನ್ನೂ ಬಿಗಿ. 2019ರ ನಿಯಮಗಳ ಪ್ರಕಾರ ರೋಗಿಗೆ ಅರ್ಥವಾಗೋ ಭಾಷೆಯಲ್ಲೇ ಒಪ್ಪಿಗೆ ಪತ್ರ ಇರಬೇಕು, ಓದು ಬರದವರ ಜೊತೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಕೂತಿರಬೇಕು. ಆದರೆ ಪ್ರಯೋಗ ಮುಗಿಸಿ ಮಾರುಕಟ್ಟೆಗೆ ಬಂದ ಅದೇ ಔಷಧ ಜೇವರ್ಗಿಗೆ ಬರೋವಾಗ ಆ ಸಾಕ್ಷಿ ಇಲ್ಲ. ಒಂದು ಹೊರರೋಗಿ ವಿಭಾಗದಲ್ಲಿ ಎಷ್ಟು ಜನ ಸಾಲು ನಿಂತಿರುತ್ತಾರೆ ಅಂತ ನೋಡಿದವರಿಗೆ ಡಾಕ್ಟರ ಮೇಲೆ ಸಿಟ್ಟೂ ಬರಲ್ಲ. ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆ ಇದೆ, ಆಳಂದದ ಕಡೆಯವರು ಸೋಲಾಪುರ, ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆ ಅಂತ ಹೋಗ್ತಾರೆ, ಉಳಿದವರು ಹೈದರಾಬಾದು, ಬೆಂಗಳೂರು. ಎಲ್ಲಿ ಹೋದರೂ ಸಾಲು ಇದ್ದೇ ಇದೆ. ಹಾಗಾಗಿ ಆ ನಾಲ್ಕು ಪ್ರಶ್ನೆಗಳನ್ನು ರೋಗಿಯ ಕಡೆಯವರೇ ಚೀಟಿಯಲ್ಲಿ ಬರೆದುಕೊಂಡು ಹೋಗೋದು ವಾಸಿ ಅನ್ನೋದು ನನ್ನ ಅಭಿಪ್ರಾಯ.

ಆ ಚೀಟಿ ಉಪಯೋಗಕ್ಕೆ ಬಂದದ್ದು ಅಫಜಲಪುರದ ಕಾಕಾನಿಗೆ. ಸ್ವಂತ ಕಾಕಾ ಅಲ್ಲ, ಅಪ್ಪನ ಗೆಳೆಯ, ಆಳಂದದ ನಮ್ಮ ಮನೆಗೆ ಗಾಣಗಾಪುರದ ಪ್ರಸಾದ ತಂದು ಕೊಡ್ತಿದ್ದವರು. ಬಾಯಿಯ ಕ್ಯಾನ್ಸರು, ಆಪರೇಶನ್ ಆಗಿ ಎರಡು ವರ್ಷಕ್ಕೆ ಮರಳಿ ಬಂದಿತ್ತು. ಯಾರೋ ಮಗನ ಮೊಬೈಲಿಗೆ ಇಮ್ಯುನೋಥೆರಪಿಯ ವಿಡಿಯೋ ಕಳಿಸಿದ್ದರು: ಕೂದಲು ಉದುರಲ್ಲ, ವಾಂತಿ ಇಲ್ಲ, ಸೈಡ್ ಎಫೆಕ್ಟೇ ಇಲ್ಲ. ಮಗ ಎರಡು ಎಕರೆ ತೊಗರಿ ಹೊಲ ಮಾರೋಕೆ ಗಿರಾಕಿ ಹುಡುಕಿ ಆಗಿತ್ತು. ನನಗೆ ಫೋನ್ ಬಂದದ್ದು ಆಮೇಲೆ.

‘ಸೈಡ್ ಎಫೆಕ್ಟೇ ಇಲ್ಲ’ ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗೋದು ಜಪಾನು. 2002ರ ಜುಲೈನಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಗೆಫಿಟಿನಿಬ್ ಅನ್ನೋ ಗುಳಿಗೆಗೆ ಜಗತ್ತಿನಲ್ಲೇ ಮೊದಲು ಅನುಮತಿ ಕೊಟ್ಟದ್ದು ಅವರು. ಕನಸಿನ ಔಷಧ ಅಂದರು. ಅಕ್ಟೋಬರಿನಲ್ಲೇ ತುರ್ತು ಎಚ್ಚರಿಕೆ ಹೊರಡಿಸಬೇಕಾಯಿತು, ಯಾಕಂದ್ರೆ ಕೆಲವರ ಶ್ವಾಸಕೋಶವೇ ಉರಿದು ಗಟ್ಟಿಯಾಗ್ತಿತ್ತು. ಮುಂದಿನ ಎರಡು-ಮೂರು ವರ್ಷಗಳಲ್ಲಿ ಇದಕ್ಕೆ ಸಂಬಂಧಿಸಿದ ಸಾವಿನ ವರದಿಗಳು ಐನೂರು ದಾಟಿದವು. ಆದರೆ ಕತೆ ಅಲ್ಲಿಗೇ ಮುಗಿಯಲ್ಲ. 2004ರಲ್ಲಿ, ಗಡ್ಡೆಯಲ್ಲಿ ಇಜಿಎಫ್ಆರ್ ಅನ್ನೋ ಜೀನಿನ ಒಂದು ಬದಲಾವಣೆ ಇದ್ದವರಿಗೆ ಈ ಗುಳಿಗೆ ಅದ್ಭುತವಾಗಿ ಕೆಲಸ ಮಾಡುತ್ತೆ ಅಂತ ಗೊತ್ತಾಯಿತು. ಇವತ್ತು ಮೊದಲು ಪರೀಕ್ಷೆ, ಆಮೇಲೆ ಗುಳಿಗೆ. ನಮ್ಮ ದೇಶದಲ್ಲೂ ಕಡಿಮೆ ಬೆಲೆಗೆ ಸಿಗುತ್ತೆ, ಎಷ್ಟೋ ಜನ ಅದರ ಮೇಲೇ ಬದುಕಿದ್ದಾರೆ. ಒಂದೇ ಗುಳಿಗೆ, ಯಾರಿಗೆ ಅನ್ನೋದರ ಮೇಲೆ ಎಲ್ಲ ನಿಂತಿತ್ತು.

ಇಮ್ಯುನೋಥೆರಪಿಗೂ ಅಪಾಯ ಇದೆ, ಅದರ ಮುಖ ಬೇರೆ. ದೇಹದ ಕಾವಲುಗಾರನನ್ನು ಕಟ್ಟಿಹಾಕಿದ ಹಗ್ಗ ಬಿಚ್ಚೋ ಔಷಧ ಇದು. ಬಿಚ್ಚಿದ ಮೇಲೆ ಅವನು ಕಳ್ಳನನ್ನೇ ಹಿಡೀತಾನೋ, ಮನೆಯವರನ್ನೂ ಹೊಡೀತಾನೋ ಹೇಳೋಕಾಗಲ್ಲ. ಕರುಳು, ಶ್ವಾಸಕೋಶ, ಲಿವರ್, ಥೈರಾಯ್ಡ್, ಅಪರೂಪಕ್ಕೆ ಹೃದಯ. ತೊಂದರೆ ಒಂದೆರಡು ವಾರಕ್ಕೇ ಬರಬಹುದು, ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ಬಂದಾಗ ಅದು ಮಾಮೂಲಿ ಕಾಯಿಲೆಯ ವೇಷದಲ್ಲಿರುತ್ತೆ. ದಿನಕ್ಕೆ ಏಳೆಂಟು ಸಲ ಭೇದಿ ಆದರೆ ಹಳ್ಳಿಯ ಡಾಕ್ಟರು ಓಆರ್‌ಎಸ್, ಆಂಟಿಬಯೋಟಿಕ್ ಕೊಟ್ಟು ಕಳಿಸ್ತಾರೆ. ಬೇಸಿಗೆಯಲ್ಲಿ ಭೇದಿ ನಮ್ಮ ಕಡೆ ಹೊಸದಾ? ಆದರೆ ಈ ಭೇದಿಗೆ ಬೇಕಾಗಿರೋದು ಬಹಳ ಸಲ ಸ್ಟೆರಾಯ್ಡ್, ಅದೂ ಬೇಗ.

ಕಾಕಾ ಕಲಬುರಗಿಯ ಡಾಕ್ಟರ ಮುಂದೆ ಕೂತು ಚೀಟಿ ತೆಗೆದು, ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಿದರು. ‘ಸಾಹೇಬ್ರ, ಇದು ಒಲ್ಲೆ ಅಂದ್ರ ಏನಾಗ್ತದ?’ ನಾನು ವಿಡಿಯೋ ಕಾಲಿನಲ್ಲಿದ್ದೆ. ಡಾಕ್ಟರು ಒಂದು ಕ್ಷಣ ಸುಮ್ಮನಿದ್ದು, ನೇರವಾಗಿ ಹೇಳಿದರು: ಗುಣವಾಗೋ ಹಂತ ದಾಟಿದೆ, ಈಗಿನ ಪ್ರಶ್ನೆ ಎಷ್ಟು ದಿನ ಮತ್ತು ಹೇಗೆ ಅನ್ನೋದು. ಮಗ ತಲೆ ತಗ್ಗಿಸಿದ. ಕಾಕಾ ತಗ್ಗಿಸಲಿಲ್ಲ. ‘ಖರೆ ಹೇಳಿದ್ರಿ, ಛಲೋ ಆಯ್ತು. ಹೊಲ ಮಾರಲ್ದಂಗ ಏನರ ಅದನು?’

ಇತ್ತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಡಾಕ್ಟರೇ ಹೇಳಿದರು. ಇಂಥದೇ ಮುಂದುವರಿದ ತಲೆ-ಕುತ್ತಿಗೆ ಕ್ಯಾನ್ಸರಿನ 151 ಜನ. ಎಲ್ಲರಿಗೂ ಅಗ್ಗದ ಮೂರು ಗುಳಿಗೆಗಳ ಕೀಮೋ, ಅರ್ಧದಷ್ಟು ಜನಕ್ಕೆ ಅದರ ಜೊತೆ ನಿವೊಲುಮಾಬ್ ಅನ್ನೋ ಇಮ್ಯುನೋಥೆರಪಿ, ಅದೂ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ಮಾತ್ರ. ಕಂಪನಿ ಹೇಳೋ ಡೋಸಿನ ಹತ್ತನೇ ಒಂದು ಭಾಗವೂ ಅಲ್ಲ. ವರ್ಷದ ಕೊನೆಗೆ ಬದುಕಿದ್ದವರು ಬರೀ ಗುಳಿಗೆಯ ಗುಂಪಿನಲ್ಲಿ ನೂರಕ್ಕೆ 16, ಸಣ್ಣ ಡೋಸ್ ಸೇರಿಸಿದ ಗುಂಪಿನಲ್ಲಿ 43. ಗಂಭೀರ ತೊಂದರೆಗಳೇನೂ ಹೆಚ್ಚಲಿಲ್ಲ. ಒಂದೇ ಆಸ್ಪತ್ರೆಯ ಅಧ್ಯಯನ, ಅರ್ಧಕ್ಕಿಂತ ಹೆಚ್ಚು ಜನ ಆಗಲೂ ವರ್ಷ ದಾಟಲಿಲ್ಲ ಅನ್ನೋದನ್ನೂ ಡಾಕ್ಟರು ಬಿಡಿಸಿ ಹೇಳಿದರು. ಆ 43ನ್ನು ಕಾಕಾ ಎಮ್ಮೆ ವ್ಯಾಪಾರದ ಲೆಕ್ಕದಲ್ಲಿ ಅಳೆದು ನೋಡಿದರು ಅನ್ಸುತ್ತೆ. ‘ನೂರಕ್ಕ ನಲವತ್ತು. ಹೂಂ. ಮಳಿ ನಂಬಿ ಬಿತ್ತೋದಕ್ಕಿಂತ ಭಾಳ ಏನ್ ಕಮ್ಮಿ ಅಲ್ಲ ಬಿಡ್ರಿ.’

ಸಂಜೆ ಅವರೇ ಫೋನ್ ಮಾಡಿ ತಗೋತೀನಿ ಅಂದರು. ಹೊಲ ಉಳಿಯಿತು.

ಔಷಧವನ್ನು ಆಸ್ಪತ್ರೆಯ ಫಾರ್ಮಸಿಯಲ್ಲೇ ಬಿಲ್ಲು, ಬ್ಯಾಚ್ ನಂಬರ್ ಸಮೇತ ತಗೊಳ್ಳಿ, ಖಾಲಿ ಬಾಟಲಿಯನ್ನು ಕಣ್ಣೆದುರೇ ಹಾಳುಮಾಡಿಸಿ ಅಂತ ಮಗನಿಗೆ ಹೇಳಿದೆ. ಅತಿಯಾಯ್ತು ಅನ್ನಿಸಬಹುದು. 2024ರ ಮಾರ್ಚಿನಲ್ಲಿ ದಿಲ್ಲಿ ಪೊಲೀಸರು ಹಿಡಿದ ಜಾಲದವರು ಮಾಡ್ತಿದ್ದದ್ದು ಇದನ್ನೇ: ದುಬಾರಿ ಇಮ್ಯುನೋಥೆರಪಿಯ ಖಾಲಿ ಬಾಟಲಿ ಕೊಂಡು, ಅದರಲ್ಲಿ ಅಗ್ಗದ ಬೇರೆ ಔಷಧ ತುಂಬಿ, ಮತ್ತೆ ಮಾರೋದು.

ಚಿಗವ್ವನ ವಿಷಯದಲ್ಲಿ ಇನ್ನೊಂದು ಕೆಲಸ ಬಾಕಿ ಇತ್ತು. ಔಷಧದಿಂದಾದ ತೊಂದರೆಯನ್ನು ರೋಗಿಯೇ ವರದಿ ಮಾಡಬಹುದು ಅಂತ ಬಹಳ ಜನಕ್ಕೆ ಗೊತ್ತಿಲ್ಲ. 2010ರಲ್ಲಿ ಶುರುವಾದ ಫಾರ್ಮಕೋವಿಜಿಲೆನ್ಸ್ ಪ್ರೋಗ್ರಾಂ ಆಫ್ ಇಂಡಿಯಾ ಇದಕ್ಕೇ ಇರೋದು, ಗಾಜಿಯಾಬಾದಿನಿಂದ ನಡೆಯುತ್ತೆ, ಉಚಿತ ಸಹಾಯವಾಣಿ 1800-180-3024, ಜನಸಾಮಾನ್ಯರ ಫಾರ್ಮು ಕನ್ನಡದಲ್ಲೂ ಇದೆ. ಅದರಲ್ಲಿ ‘ದಿನನಿತ್ಯದ ಕೆಲಸಕ್ಕೆ ತೊಂದರೆಯಾಯಿತೇ’ ಅನ್ನೋ ಒಂದು ಕಾಲಮ್ಮು ಇದೆ, ತೊಂದರೆಯನ್ನು ನಮ್ಮ ಮಾತಿನಲ್ಲೇ ಬರೆಯೋಕೆ ಜಾಗವೂ ಇದೆ. ಚಿಗವ್ವ ಹೇಳ್ತಾ ಹೋದಳು, ನಾನು ಬರೆದೆ. ‘ರೊಟ್ಟಿ ಬಡೀಲಿಕ್ಕೆ ಆಗಲಿಲ್ಲ. ಸೀರಿ ನಿರಿಗಿ ಹಿಡೀಲಿಕ್ಕೆ ಆಗಲಿಲ್ಲ. ಮಶೀನು ಬೆರಳು ತಗೊಳ್ಳಲಿಲ್ಲ.’ ಮೆಡ್‌ಡ್ರಾ ಪದ ಹಾಕೋ ಕೆಲಸವನ್ನು ಈ ಸಲ ಬೇರೆ ಯಾರಾದರೂ ಮಾಡಲಿ ಅಂತ ಬಿಟ್ಟೆ.

ಕಾಕಾನಿಗೆ ಒಂದು ಕಾರ್ಡು ಮಾಡಿ ಕೊಟ್ಟಿದ್ದೀನಿ. ಅಂಗೈ ಅಗಲದ್ದು. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಸರದಿಯಲ್ಲಿರೋ ಡಾಕ್ಟರಿಗೆ ಅಂತ ಇಂಗ್ಲಿಷು: ಇವರಿಗೆ ಇಂಥ ಇಮ್ಯುನೋಥೆರಪಿ ನಡೀತಿದೆ, ಹೊಸದಾಗಿ ದಮ್ಮು, ಭೇದಿ, ಎದೆನೋವು, ಕಣ್ಣು ಹಳದಿ ಕಂಡರೆ ಅದು ಔಷಧದ್ದೇ ಇರಬಹುದು, ದಯವಿಟ್ಟು ಕ್ಯಾನ್ಸರ್ ಡಾಕ್ಟರಿಗೆ ಈ ನಂಬರಿಗೆ ಫೋನ್ ಮಾಡಿ. ಮೂರು ಪ್ರತಿ ಲ್ಯಾಮಿನೇಟ್ ಮಾಡಿಸಿದ್ದಾರೆ. ಒಂದು ಅಂಗಿಯ ಜೇಬಿನಲ್ಲಿ, ಒಂದು ಅಫಜಲಪುರದ ಬಸ್ ಸ್ಟ್ಯಾಂಡ್ ಹತ್ತಿರ ಅವರು ಯಾವಾಗಲೂ ತೋರಿಸಿಕೊಳ್ಳೋ ಡಾಕ್ಟರ ಟೇಬಲ್ಲಿನ ಗಾಜಿನ ಕೆಳಗೆ. ಮೂರನೆಯದನ್ನು ಮೊಮ್ಮಗಳ ಸ್ಕೂಲ್ ಬ್ಯಾಗಿನಲ್ಲಿ ಇಟ್ಟಿದ್ದಾರಂತೆ. ಯಾಕೆ ಅಂತ ಕೇಳಿದೆ. ‘ಮನ್ಯಾಗ ಎರಡೂ ಕಡಿ ಓದ್ಲಿಕ್ಕೆ ಬರೋದು ಅಕಿಗೊಬ್ಬಾಕಿಗೇ’ ಅಂದರು.